ಭೂರ್ಜೆಯಿಂದಾಚೆ ಮರಗಳಿಲ್ಲ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟದ ಮೇಲೆ ಕೈಯೂರಿದರೆ ಬೆರಳಿನ ಅಚ್ಚು ಮೂಡುತ್ತಿತ್ತು. ನದಿಗಳಿಗೆ ತಮ್ಮ ದಾರಿ ಬಾಯಿಪಾಠವಾಗಿರಲಿಲ್ಲ, ಅವರಿವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಗ ಮರಗಳು ನಡೆಯುತ್ತಿದ್ದವು.

ನಡೆಯುತ್ತಿದ್ದವು ಅಂದರೆ ಬೀದಿ ಸುತ್ತುತ್ತಿದ್ದವು ಅಂತಲ್ಲ. ಮರಕ್ಕೆ ಮರದ ಗಾಂಭೀರ್ಯ ಇದ್ದೇ ಇರುತ್ತದೆ. ಬೇಕೆನಿಸಿದಾಗ ಬೇರುಗಳನ್ನು ಮಣ್ಣಿನಿಂದ ಬಿಡಿಸಿಕೊಂಡು, ಸೀರೆಯ ನೆರಿಗೆ ಹಿಡಿದ ಹಾಗೆ ಎತ್ತಿ ಹಿಡಿದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿದ್ದವು. ನೆರಳೂ ಜೊತೆಗೇ ಹೋಗುತ್ತಿತ್ತು.

ಹಿಮಾಲಯದ ಬುಡದಲ್ಲೊಂದು ಕಣಿವೆ. ಅದೇ ಅವುಗಳ ಊರು. ಕಣಿವೆಯಿಂದ ಮೇಲೆ, ಬಹಳ ಬಹಳ ಮೇಲೆ, ಹಿಮದ ಶಿಖರಗಳ ಮಡಿಲಲ್ಲಿ ಒಂದು ಸರೋವರ. ನೀರಿಗೆಲ್ಲ ಅದೇ ತಾಯಿ ಅಂತ ಮರಗಳ ನಂಬಿಕೆ. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗಾದಾಗ ಊರಿನ ಮರಗಳೆಲ್ಲ ಗುಂಪು ಕಟ್ಟಿಕೊಂಡು ಅಲ್ಲಿಗೆ ಯಾತ್ರೆ ಹೊರಡುತ್ತಿದ್ದವು. ಸರೋವರದಲ್ಲಿ ಬೇರು ಅದ್ದಿ ಬಂದರೆ ವರ್ಷವಿಡೀ ಹುಳು ಹತ್ತುವುದಿಲ್ಲ, ಎಲೆ ಬಾಡುವುದಿಲ್ಲ.

ಯಾತ್ರೆಗೆ ಒಂದು ಪದ್ಧತಿ ಇತ್ತು. ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ, ಅವರು ಮುಂದೆ ಇರಬೇಕು. ಉಳಿದವರೆಲ್ಲ ಅವರ ಹಿಂದೆ. ಯಾರೂ ಅವರನ್ನು ದಾಟಿ ಹೋಗಬಾರದು.

ಯಾಕೆ ಹಾಗೆ? ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಪದ್ಧತಿಗೆ ಕಾರಣ ಕೇಳುವವರಿಗೆ ಆ ಕಾಲದಲ್ಲೂ ಹೆಚ್ಚು ಸ್ನೇಹಿತರು ಇರುತ್ತಿರಲಿಲ್ಲ.

ಎಲ್ಲರಿಗಿಂತ ನಿಧಾನ ನಡೆಯುತ್ತಿದ್ದವಳು ಧೂಪಜ್ಜಿ, ಹಿಮದ ಬೆಟ್ಟದ ಮುಳ್ಳು ಧೂಪದ ಮರ. ಕುಳ್ಳಿ. ಮೈಯೆಲ್ಲ ಗಂಟು. ಎಲೆಗಳ ಬದಲು ಚುಚ್ಚುವ ಮುಳ್ಳು, ನಾಲಿಗೆಯೂ ಹಾಗೇ. ಆದರೆ ಅವಳು ಪಕ್ಕದಲ್ಲಿ ಹಾದುಹೋದರೆ ದೇವರ ಮನೆಯ ಬಾಗಿಲು ತೆರೆದ ಹಾಗೆ ಪರಿಮಳ. ಅದಕ್ಕೇ ಅವಳ ಮಾತನ್ನು ಎಲ್ಲರೂ ಸಹಿಸಿಕೊಳ್ಳುತ್ತಿದ್ದರು.

ಧೂಪಜ್ಜಿ ನಾಲ್ಕು ಹೆಜ್ಜೆ ಹಾಕಿ ನಿಲ್ಲುವಳು. ಉಸಿರು ತೆಗೆದುಕೊಳ್ಳುವಳು. ಮತ್ತೆ ನಾಲ್ಕು ಹೆಜ್ಜೆ. ಬಿಸಿಲು ಇನ್ನೂ ನೆತ್ತಿಯ ಮೇಲಿರುವಾಗಲೇ "ಇವತ್ತಿಗೆ ಸಾಕು" ಅನ್ನುವಳು. ಅಷ್ಟೇ ಅಲ್ಲ, ಹತ್ತಿದ್ದರಲ್ಲಿ ಒಂದಿಷ್ಟು ಇಳಿದು ಬಂದು ತಂಗುವಳು.

"ಅಜ್ಜೀ, ಸ್ವಲ್ಪ ಬೇಗ ಕಾಲು ಹಾಕು. ನಿನ್ನ ಹಿಂದೆ ನಡೆದೂ ನಡೆದೂ ನನ್ನ ಮೈಮೇಲೆ ಪಾಚಿ ಕಟ್ತಾ ಇದೆ," ಅನ್ನುತ್ತಿದ್ದ ಓಕಣ್ಣ. ಅವನು ದಪ್ಪ ಮೈಯ ಓಕ್ ಮರ. ಯಾತ್ರೆಯಲ್ಲಿ ನಗಿಸುವುದು ಅವನ ಕೆಲಸ.

"ಕಟ್ಟಲಿ ಬಿಡೋ. ತಾಯಿ ಹತ್ರ ಬರೀ ಮೈಯಲ್ಲಿ ಹೋಗೋದಕ್ಕಿಂತ ಅಷ್ಟಾದರೂ ಮುಚ್ಚಲಿ," ಅನ್ನುತ್ತಿದ್ದಳು ಅಜ್ಜಿ.

ಹೀಗೆ ಎಷ್ಟೋ ವರ್ಷ ಹೋದರು, ಬಂದರು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದೆ ಇರುವುದನ್ನು ಯಾರು ಗಮನಿಸುತ್ತಾರೆ ಹೇಳು?

ಒಂದು ವರ್ಷ ಭೂರ್ಜೆಯ ಮಗುವಿಗೆ ಕಾಯಿಲೆ ಬಂತು.

ಭೂರ್ಜೆ ಅಂದರೆ ಭೂರ್ಜಪತ್ರದ ಮರ. ಆಗ ಅವಳು ತೆಳ್ಳಗೆ, ನೆಟ್ಟಗೆ, ನುಣುಪು ಮೈಯವಳು. ಅವಳ ಮೈಯಲ್ಲಿ ಒಂದು ಸುಕ್ಕು, ಒಂದು ಸೀಳು ಇರಲಿಲ್ಲ. ಅವಳಿಗೊಂದು ಎಳೆಯ ಸಸಿ, ಹೆಸರು ತಳಿರು. ಕೊಂಬೆಯ ಕವಲಿನಲ್ಲಿ ಕೂರಿಸಿಕೊಂಡೇ ಓಡಾಡುತ್ತಿದ್ದಳು. ಗಾಳಿ ಬಂದು ಕಚಗುಳಿ ಇಟ್ಟರೆ ಆ ಮಗು ಎಲೆಯೆಲ್ಲ ಅಲುಗಾಡಿಸಿ ನಗುತ್ತಿತ್ತು. ಆ ಮಳೆಗಾಲದ ಕೊನೆಯಲ್ಲಿ ಅದು ನಗುವುದನ್ನು ನಿಲ್ಲಿಸಿತು. ಎಲೆಯ ಅಂಚು ಕಪ್ಪಾಯಿತು. ಕಾಂಡ ಮುಟ್ಟಿದರೆ ಬಿಸಿ.

"ಸರೋವರದ ನೀರು ಬೇರಿಗೆ ತಾಗಿದರೆ ಉಳಿಯುತ್ತೆ," ಅಂದರು ಎಲ್ಲರೂ. ಅದು ನಿಜವೂ ಆಗಿತ್ತು.

ಅಷ್ಟರಲ್ಲಿ ಮೇಲಿನಿಂದ ತೊರೆ ಇಳಿದು ಬಂದಳು. ಸರೋವರದಿಂದ ಹೊರಟು ಕಣಿವೆಗೆ ಸುದ್ದಿ ತರುವುದು ಅವಳ ಕೆಲಸ. "ಈ ಸಲ ಚಳಿ ಮೊದಲೇ ಬಂದಿದೆ ಕಣ್ರೇ," ಅಂದಳು. "ದಡದಲ್ಲಿ ನೀರು ಗಟ್ಟಿಯಾಗೋಕೆ ಶುರುವಾಗಿದೆ. ನಾನೇ ಕಷ್ಟಪಟ್ಟು ನುಸುಳಿ ಬಂದೆ. ಇನ್ನು ಸ್ವಲ್ಪ ದಿನಕ್ಕೆ ತಾಯಿ ಪೂರ್ತಿ ಮುಚ್ಚಿಕೊಳ್ತಾಳೆ."

ಮರಗಳೆಲ್ಲ ಅವತ್ತೇ ಸೇರಿದವು.

ಮೊದಲು ಮಾತಾಡಿದವನು ದೇವದಾರು. ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ನೇರ. ಎತ್ತರದಿಂದ ಬಂದ ಮಾತು ಕೆಳಗಿದ್ದವರಿಗೆ ಯಾವಾಗಲೂ ಸರಿಯಾಗಿಯೇ ಕೇಳಿಸುತ್ತದೆ. "ಅಜ್ಜಿಯ ನಡಿಗೆಯಲ್ಲಿ ಹೋದರೆ ನಾವು ಮುಟ್ಟೋ ಹೊತ್ತಿಗೆ ಸರೋವರ ಕಲ್ಲಾಗಿರುತ್ತೆ," ಅಂದ. "ಈ ಸಲ ಗಟ್ಟಿ ಕಾಲಿನವರು ಮುಂದೆ ಹೋಗೋಣ. ಅಜ್ಜಿ ಹಿಂದಿನಿಂದ ಬರಲಿ."

"ಪದ್ಧತಿ ಹಾಗಿಲ್ಲವಲ್ಲಪ್ಪ," ಅಂದಳು ಧೂಪಜ್ಜಿ.

"ಪದ್ಧತಿ ಯಾಕೆ ಹಾಗಿದೆ, ಹೇಳು ಅಜ್ಜಿ. ಕಾರಣ ಇದ್ದರೆ ಕೇಳ್ತೀವಿ."

ಅಜ್ಜಿ ಯೋಚಿಸಿದಳು. "ನನಗೂ ಗೊತ್ತಿಲ್ಲ ಕಣಪ್ಪ. ನಮ್ಮಜ್ಜಿ ಹೇಳಿದ್ದು. ಅವಳಿಗೆ ಅವಳ ಅಜ್ಜಿ."

"ಅಂದರೆ ಕಾರಣ ಇಲ್ಲ."

"ಇಲ್ಲ ಅಂದೆನಾ? ಗೊತ್ತಿಲ್ಲ ಅಂದೆ."

ಓಕಣ್ಣ ನಕ್ಕ. "ಮುಂದೆ ನಡೆಯೋ ದೊಡ್ಡಸ್ತಿಕೆ ಬಿಡೋಕೆ ಅಜ್ಜಿಗೆ ಮನಸ್ಸಿಲ್ಲ." ಒಂದೆರಡು ಮರ ಅವನ ಜೊತೆ ನಕ್ಕವು.

ತೊರೆ ಮಾತ್ರ ನಗಲಿಲ್ಲ. "ನಾನು ಇಳಿಯೋಳು. ಹತ್ತೋರ ಕಷ್ಟ ನನಗೇನು ಗೊತ್ತು," ಅಂದಳು. "ಆದರೂ ಅಜ್ಜಿಯ ಹಿಂದೆಯೇ ಹೋಗಿ ಅಂತೀನಿ." ಅಷ್ಟು ಹೇಳಿ ಹರಿದುಹೋದಳು. ನಿಂತು ವಾದ ಮಾಡುವುದು ಅವಳ ಜಾಯಮಾನವಲ್ಲ.

"ಮಗು ಭೂರ್ಜೆಯದು. ಅವಳೇ ಹೇಳಲಿ," ಅಂದ ದೇವದಾರು.

ಎಲ್ಲರೂ ಭೂರ್ಜೆಯ ಕಡೆ ತಿರುಗಿದರು. ಭೂರ್ಜೆ ಸಸಿಯಾಗಿದ್ದಾಗ ಬಿರುಗಾಳಿಗೆ ಹೆದರಿ ಅಡಗುತ್ತಿದ್ದದ್ದು ಧೂಪಜ್ಜಿಯ ಮಗ್ಗುಲಲ್ಲಿ. ತಳಿರು ಹುಟ್ಟಿದಾಗ ಮೊದಲು ಎತ್ತಿಕೊಂಡವಳೂ ಧೂಪಜ್ಜಿಯೇ. ಭೂರ್ಜೆ ಅಜ್ಜಿಯನ್ನು ನೋಡಿದಳು. ಮಗುವನ್ನು ನೋಡಿದಳು. ಕಪ್ಪಾದ ಒಂದೆಲೆ ಆಗಲೇ ಕಳಚಿ ಅವಳ ಬೇರಿನ ಮೇಲೆ ಬಿತ್ತು.

"ಬೇಗ ಹೋಗೋಣ," ಅಂದಳು.

ಧೂಪಜ್ಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ನನ್ನ ಮುಖ ನೋಡ್ಬೇಡ ಹೋಗೇ. ಮಗೂನ ನೋಡು," ಅಂದಳು. "ನಾನು ಬರ್ತೀನಿ. ಯಾವತ್ತು ಬಂದಿಲ್ಲ ನಾನು?"

ಮೊದಲ ದಿನ ಎಂಥ ಸಂಭ್ರಮ! ಯಾರೂ ಅಡ್ಡವಿಲ್ಲದ ದಾರಿ. ಅಜ್ಜಿ ಎರಡು ದಿನ ಹಿಡಿಸುತ್ತಿದ್ದ ಏರನ್ನು ಮಧ್ಯಾಹ್ನದೊಳಗೆ ಮುಗಿಸಿದರು. "ಇಷ್ಟು ವರ್ಷ ನಮ್ಮ ಕಾಲಿಗೆ ನಾವೇ ಹಗ್ಗ ಕಟ್ಟಿಕೊಂಡಿದ್ದೆವು," ಅಂದ ದೇವದಾರು. ಭೂರ್ಜೆ ಮಗುವಿನ ಕಿವಿಯಲ್ಲಿ ಹೇಳಿದಳು, "ಇನ್ನೇನು ಬಂದೇಬಿಟ್ಟೆವು, ನನ್ನ ಚಿನ್ನ."

ಮಾರನೆಯ ದಿನ ಓಕಣ್ಣನಿಗೆ ತಲೆನೋವು ಬಂತು. ಅವನು ಅದನ್ನೂ ತಮಾಷೆ ಮಾಡಿದ. "ನನಗೆ ತಲೆ ಇದೆ ಅಂತ ಗೊತ್ತಾಗಿದ್ದೇ ಇವತ್ತು," ಅಂದ. ಎಲ್ಲರೂ ನಕ್ಕರು. ನಗು ನಿಂತಮೇಲೂ ಅವನೊಬ್ಬ ನಗುತ್ತಲೇ ಇದ್ದ. ನಕ್ಕು ನಕ್ಕು ತೂರಾಡಿ, ಇಳಿಜಾರಿನಲ್ಲಿ ಕುಸಿದು ಕೂತ.

"ಸ್ವಲ್ಪ ಕೂತು ಬರ್ತೀನಿ," ಅಂದ. ಅವನ ಬೇರುಗಳು ತಮ್ಮಷ್ಟಕ್ಕೆ ಮಣ್ಣೊಳಗೆ ಇಳಿದವು. ಅವನು ಮತ್ತೆ ಏಳಲಿಲ್ಲ.

ಅವನನ್ನು ಬಿಟ್ಟು ಹೋದರು. ಮಗು ಇತ್ತಲ್ಲ, ನಿಲ್ಲುವ ಹಾಗಿರಲಿಲ್ಲ.

ಇನ್ನೂ ಮೇಲೆ ರೋಡೋಡೆಂಡ್ರಾನ್ ಅಕ್ಕ ನಿಂತಳು. ಅವಳ ಹೆಸರನ್ನು ಒಂದು ಸಲ ಪೂರ್ತಿ ಕರೆಯುವಷ್ಟರಲ್ಲಿ ಉಸಿರು ಮುಗಿಯುವಂಥ ಎತ್ತರ ಅದು. ಅವಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಮೈಯ ರಕ್ತವೆಲ್ಲ ಮುಖಕ್ಕೆ ನುಗ್ಗಿತ್ತು. "ನೀವು ನಡೀರಿ," ಅನ್ನಲು ಹೋದಳು, ಮಾತು ಹೊರಡಲಿಲ್ಲ. ಅಲ್ಲೇ ಬೇರು ಬಿಟ್ಟಳು. ವಸಂತದಲ್ಲಿ ಅವಳ ಹೂವು ಯಾಕೆ ಅಷ್ಟು ಕೆಂಪು ಅಂತ ಈಗ ಗೊತ್ತಾಯಿತಲ್ಲ.

ಅದಕ್ಕೂ ಮೇಲೆ ದೇವದಾರು ನಿಂತ. ಅವನು ಕೂರಲಿಲ್ಲ. ಕೂರುವ ಅಭ್ಯಾಸ ಅವನಿಗಿರಲಿಲ್ಲ. ನಿಂತಲ್ಲೇ ಕಣ್ಣು ಕತ್ತಲೆ ಬಂದು, ನಿಂತಲ್ಲೇ ಬೇರು ಬಿಟ್ಟ. "ದಾರಿ ನೇರವಾಗೇ ಇದೆ. ನೀನು ನಡಿ ಭೂರ್ಜೆ," ಅಂದ. ಅವನ ದನಿಯಲ್ಲಿ ಆಗಲೂ ಅನುಮಾನವಿರಲಿಲ್ಲ.

ಭೂರ್ಜೆ ಒಬ್ಬಳೇ ಆದಳು. ಅವಳಿಗೂ ತಲೆ ಸಿಡಿಯುತ್ತಿತ್ತು, ಕಾಲು ಕಲ್ಲಾಗಿತ್ತು. ಕವಲಿನಲ್ಲಿ ಮಗುವಿನ ಉಸಿರು ಗೊರಗೊರ ಅನ್ನುತ್ತಿತ್ತು, ನೀರಿನೊಳಗಿಂದ ಯಾರೋ ಊದಿದ ಹಾಗೆ. ಆ ಸದ್ದು ಊರಲ್ಲಿರಲಿಲ್ಲ. ಅದು ಹಳೆಯ ಕಾಯಿಲೆಯ ಸದ್ದಲ್ಲ.

ಅವಳು ಗಾಳಿಯನ್ನು ಕೂಗಿದಳು. "ಗಾಳಿಯೇ, ನನ್ನ ಮಗುವಿಗೆ ಒಂದಿಷ್ಟು ಉಸಿರು ಕೊಡು."

ಗಾಳಿ ಬಂತು. ಕಣಿವೆಯ ತುಂಬುಗಾಳಿಯಲ್ಲ, ಹರಿದ ಪಂಚೆಯಂಥ ತೆಳು ಗಾಳಿ. "ಇಲ್ಲಿ ನಾನೇ ಇಷ್ಟು ಬಡವ. ನಿನಗೆಲ್ಲಿಂದ ಕೊಡಲಿ ತಾಯೀ?" ಅಂತು. "ಇಲ್ಲಿಗೆ ಬರೋರು ನಿಧಾನವಾಗಿ ಬರಬೇಕು. ಇಷ್ಟು ಹತ್ತಬೇಕು, ಇಷ್ಟು ಇಳಿಯಬೇಕು, ನಿಲ್ಲಬೇಕು. ನನ್ನ ಬಡತನ ಮೈಗೆ ಒಗ್ಗಬೇಕು. ಅದಕ್ಕೇ ಅಲ್ಲವಾ ನಿಮ್ಮ ಹಿರಿಯರು ನಿಧಾನದವರನ್ನು ಮುಂದೆ ಇಟ್ಟಿದ್ದು?"

ಭೂರ್ಜೆ ನಿಂತುಬಿಟ್ಟಳು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀನು?"

"ನೀವೆಲ್ಲ ಅಜ್ಜಿಯನ್ನು ಕೇಳಿದಿರಿ. ನನ್ನನ್ನು ಯಾರು ಕೇಳಿದರು?" ಅಂತು ಗಾಳಿ. ಆಮೇಲೆ ಮೆಲ್ಲಗೆ ಹೇಳಿತು, "ಈಗಲೂ ಕೆಳಗೆ ಇಳಿ. ಇಳಿಯೋದೇ ಇದಕ್ಕೆ ಮದ್ದು. ಮಗು ಮೊದಲು ಉಸಿರಾಡಲಿ, ನೀರು ಆಮೇಲೆ."

ಭೂರ್ಜೆ ಕೆಳಗೆ ನೋಡಿದಳು. ಕಣಿವೆ ಮಂಜಿನಲ್ಲಿ ಮುಳುಗಿತ್ತು. ಮೇಲೆ ನೋಡಿದಳು. ಮೋಡ ಸರಿದಿತ್ತು. ಬಂಡೆಗಳ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಸರೋವರ ನೀಲಿಯಾಗಿ ಕಾಣುತ್ತಿತ್ತು. ಅಂಚೆಲ್ಲ ಬಿಳಿಯಾಗಿ ಗಟ್ಟಿಯಾಗಿತ್ತು, ನಡುವೆ ಮಾತ್ರ ಇನ್ನೂ ನೀರು.

ಅಷ್ಟು ಹತ್ತಿರ ಕಂಡದ್ದನ್ನು ಬಿಟ್ಟು ಯಾವ ತಾಯಿ ಹಿಂತಿರುಗುತ್ತಾಳೆ? ಹಿಂತಿರುಗಬೇಕಿತ್ತು. ಅವಳು ಹಿಂತಿರುಗಲಿಲ್ಲ.

ಕೆಲವೇ ಹೆಜ್ಜೆ. ಅಷ್ಟರಲ್ಲಿ ಹಿಮ ಬೀಳತೊಡಗಿತು. ಭೂರ್ಜೆ ಕಾಲೂರಿದಳು. ಬೇರು ಕಲ್ಲುಗಳ ಸಂದಿಯಲ್ಲಿ ಇಳಿದುಹೋಯಿತು. ಎಳೆದಳು, ಬರಲಿಲ್ಲ. ಮತ್ತೆ ಎಳೆದಳು, ಬರಲಿಲ್ಲ.

ಮಗು ನಡುಗುತ್ತಿತ್ತು. ಹೊದಿಸಲು ಏನಿದೆ? ಎಲೆಗಳು ಆಗಲೇ ಉದುರಿದ್ದವು. ಭೂರ್ಜೆ ತನ್ನ ನುಣುಪಾದ ಮೈಯ ಚರ್ಮವನ್ನು ಉಗುರಿನಿಂದ ಎಬ್ಬಿಸಿದಳು. ತೆಳ್ಳಗೆ ಒಂದು ಪದರ ಸುಲಿದು ಬಂತು. ಮಗುವಿಗೆ ಹೊದಿಸಿದಳು. ಹಿಮ ಬಿತ್ತು. ಇನ್ನೊಂದು ಪದರ ಸುಲಿದಳು, ಹೊದಿಸಿದಳು. ಹಗಲೂ ರಾತ್ರಿಯೂ ಹಿಮ ಬೀಳುತ್ತಲೇ ಇತ್ತು. ಮತ್ತೊಂದು ಪದರ. ಮಗುವಿನ ಮೇಲೆ ಹಿಮ ಬೀಳದಿರಲಿ ಅಂತ ನೆಟ್ಟಗಿದ್ದ ಬೆನ್ನನ್ನು ಬಗ್ಗಿಸಿ ಅದರ ಮೇಲೆ ಬಾಗಿದಳು.

ಇತ್ತ ಧೂಪಜ್ಜಿ ಬರುತ್ತಲೇ ಇದ್ದಳು. ನಾಲ್ಕು ಹೆಜ್ಜೆ, ಒಂದು ಉಸಿರು. ನಾಲ್ಕು ಹೆಜ್ಜೆ, ಒಂದು ಉಸಿರು.

ದಾರಿಯಲ್ಲಿ ಓಕಣ್ಣ ಸಿಕ್ಕಿದ. ಈಗ ಅವನು ನಗುತ್ತಿರಲಿಲ್ಲ. "ಅಜ್ಜೀ, ನನ್ನ ಕಾಲು..." ಅಂದ. ಅಜ್ಜಿ ಅವನ ಮೈ ಸವರಿ ಮುಂದೆ ನಡೆದಳು. ರೋಡೋಡೆಂಡ್ರಾನ್ ಅಕ್ಕ ಸಿಕ್ಕಿದಳು. ಮಾತಾಡಲಾರದೆ ಕೈಚಾಚಿ ಮೇಲೆ ತೋರಿಸಿದಳು. ದೇವದಾರು ಸಿಕ್ಕಿದ. ಅವನು ಎಲ್ಲರಿಗಿಂತ ಎತ್ತರ, ಆದರೆ ಆ ಕುಳ್ಳಿಯ ಮುಖ ನೋಡಲಾರದೆ ಆಕಾಶ ನೋಡುತ್ತ ನಿಂತಿದ್ದ.

"ಅಜ್ಜಿ, ನಾನು ಒಳ್ಳೇದಕ್ಕೇ ಹೇಳಿದ್ದು," ಅಂದ.

"ಕೆಟ್ಟದ್ದಕ್ಕೆ ಅಂತ ಯಾರು ಹೇಳ್ತಾರಪ್ಪ," ಅಂದಳು ಧೂಪಜ್ಜಿ. "ಮಗು ಎಲ್ಲಿ?"

"ಮೇಲೆ."

ಅವಳು ಮೇಲೆ ಹೋದಳು. ಹಿಮದಲ್ಲಿ ಬಾಗಿ ನಿಂತಿದ್ದ ಭೂರ್ಜೆಯನ್ನು ಮೊದಲು ಗುರುತಿಸಲೇ ಇಲ್ಲ. ಮೈಯೆಲ್ಲ ಹರಿದ ಬಟ್ಟೆಯ ಹಾಗೆ ಜೋತಾಡುತ್ತಿತ್ತು.

"ಮಗು ಮಲಗಿದೆ ಅಜ್ಜಿ," ಅಂದಳು ಭೂರ್ಜೆ. "ಸದ್ದು ಮಾಡಬೇಡ."

ಅಜ್ಜಿ ಪದರಗಳಿಗೆ ಕಿವಿಯಿಟ್ಟಳು. ಒಳಗೆ ಎಲ್ಲೋ ದೂರದಲ್ಲಿ ಉಸಿರು ಇನ್ನೂ ಇತ್ತು. ಅವಳು ಸರೋವರದ ಕಡೆ ಹೊರಟಳು.

ಅಲ್ಲಿಂದಾಚೆ ನಿಂತು ನಡೆಯುವ ಹಾಗಿರಲಿಲ್ಲ. ಹಿಮದ ಬೀಸು ನಿಂತವರನ್ನು ಎತ್ತಿ ಒಗೆಯುತ್ತಿತ್ತು. ಧೂಪಜ್ಜಿ ಹೊಟ್ಟೆಯ ಮೇಲೆ ಮಲಗಿದಳು. ಕಲ್ಲು ಹಿಡಿದು, ಕಲ್ಲು ಹಿಡಿದು ತೆವಳಿದಳು. ಮೊದಲೇ ಕುಳ್ಳಿ, ತೆವಳಿ ತೆವಳಿ ನೆಲಕ್ಕೇ ಅಂಟಿಕೊಂಡಳು. ಆದರೆ ಅವಳ ಉಸಿರು ಕಟ್ಟಲಿಲ್ಲ.

ಸರೋವರ ಹೆಚ್ಚುಕಡಿಮೆ ಕಣ್ಣು ಮುಚ್ಚಿತ್ತು. ಒಂದು ಬೊಗಸೆಯಷ್ಟು ನೀರು ಮಾತ್ರ ತೆರೆದಿತ್ತು.

"ಬಂದೆಯಾ? ನಿನ್ನ ಹಿಂದಿರೋರೆಲ್ಲ ಎಲ್ಲಿ?" ಅಂತು ಸರೋವರ.

"ಹಿಂದೇನೇ ಇದ್ದಾರೆ ತಾಯಿ. ನೀರು ಕೊಡು. ಕೂಸಿಗೆ."

"ಪಾತ್ರೆ ತಂದಿದ್ದೀಯಾ?"

ಪಾತ್ರೆ ಎಲ್ಲಿಂದ ಬರಬೇಕು? ಧೂಪಜ್ಜಿಯ ಮೈಮೇಲೆ ಇದ್ದದ್ದು ಬಟಾಣಿಯಷ್ಟು ಪುಟ್ಟ ಕಾಯಿಗಳು, ಗಟ್ಟಿ, ಹಸಿರು, ಯಾರೂ ತಿನ್ನದವು. ಅವನ್ನೇ ನೀರಿನಲ್ಲಿ ಅದ್ದಿದಳು. ಕಾಯಿಗಳು ನೀರು ಹೀರಿದವು. ಸರೋವರದ ನೀಲಿಯೂ ಅವುಗಳೊಳಗೆ ಇಳಿಯಿತು. ಅವಳು ಮುಖ ತಿರುಗಿಸುವಷ್ಟರಲ್ಲಿ ಹಿಂದೆ ನೀರು ಟಕ್ಕನೆ ಮುಚ್ಚಿಕೊಂಡಿತು.

ತೆವಳುತ್ತ ಬಂದಳು. ಭೂರ್ಜೆಯ ಬುಡಕ್ಕೆ ಬಂದಳು. ಪದರಗಳಿಗೆ ಕಿವಿಯಿಟ್ಟಳು.

ಬಹಳ ಹೊತ್ತು ಇಟ್ಟಳು.

ಭೂರ್ಜೆ ಮತ್ತೊಂದು ಪದರ ಸುಲಿಯುತ್ತಿದ್ದಳು. "ಈಗ ಬೆಚ್ಚಗಿದೆ ಅಲ್ಲವಾ ಅಜ್ಜಿ? ಈಗ ನಡುಗುತ್ತಾ ಇಲ್ಲ."

"ಇಲ್ಲ ಕಣೇ. ನಡುಗುತ್ತಾ ಇಲ್ಲ," ಅಂದಳು ಧೂಪಜ್ಜಿ.

ಭೂರ್ಜೆಯ ಕೈ ನಿಂತಿತು. ಅಜ್ಜಿಯ ದನಿಯಲ್ಲಿ ಮುಳ್ಳಿರಲಿಲ್ಲ. ಅದರಿಂದಲೇ ಅವಳಿಗೆ ತಿಳಿಯಿತು.

ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಭೂರ್ಜೆ ಕೇಳಿದಳು, "ಅಜ್ಜೀ, ನಿನ್ನ ಹಿಂದೆ ನಡೆದು ಬಂದಿದ್ದರೆ ನನ್ನ ಮಗು ಉಳೀತಿತ್ತಾ?"

ಗಾಳಿಗೆ ಉತ್ತರ ಗೊತ್ತಿತ್ತು. ಅದು ಬಾಯಿ ತೆರೆಯಿತು. ಧೂಪಜ್ಜಿ ತಲೆಯೆತ್ತಿ ಗಾಳಿಯನ್ನು ಒಂದು ಸಲ ನೋಡಿದಳು. ಆ ನೋಟಕ್ಕೆ ಗಾಳಿ ಮಾತು ನುಂಗಿತು. ನುಂಗಿದ ಮಾತು ಅದರ ಗಂಟಲಲ್ಲಿ ಸಿಕ್ಕಿಕೊಂಡಿತು. ಅಂದಿನಿಂದ ಆ ಎತ್ತರದ ಗಾಳಿ ಕೂಗುತ್ತದೆ, ಊಳಿಡುತ್ತದೆ, ಆದರೆ ಒಂದು ಮಾತನ್ನೂ ಬಿಡಿಸಿ ಹೇಳುವುದಿಲ್ಲ.

"ಇಲ್ಲ ಕಣೇ," ಅಂದಳು ಧೂಪಜ್ಜಿ. "ಅದರ ಆಯಸ್ಸೇ ಅಷ್ಟಿತ್ತು. ನೀನು ಮಾಡಿದ್ದೇನೂ ಇಲ್ಲ."

ಹುಟ್ಟಿದಾಗಿನಿಂದ ಯಾರ ಮುಖಕ್ಕೂ ನಿಜವನ್ನೇ ಒಗೆಯುತ್ತಿದ್ದವಳು ಅವತ್ತು ತನ್ನ ಮೊದಲ ಸುಳ್ಳು ಆಡಿದಳು. ಭೂರ್ಜೆ ಅದನ್ನು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಅವಳ ಕೈ ಮತ್ತೆ ಮೈಗೆ ಹೋಯಿತು. ಇನ್ನೊಂದು ಪದರ ಸುಲಿದಳು, ಹೊದಿಸಿದಳು. ಧೂಪಜ್ಜಿ ಬೇಡವೆನ್ನಲಿಲ್ಲ. ಭೂರ್ಜೆಯ ಎದುರಿಗೇ, ಹಿಮದ ಗಾಳಿ ಮೊದಲು ತನಗೇ ತಾಗುವ ಹಾಗೆ, ನೆಲಕ್ಕೆ ಅಂಟಿ ಮಲಗಿಬಿಟ್ಟಳು. ಊರಿಗೆ ಮರಳಿ ಹೋಗಲಿಲ್ಲ. ಹೋಗುವುದಕ್ಕೆ ಊರಲ್ಲಿ ಯಾರಿದ್ದರು?

ಮರಗಳು ಮತ್ತೆ ನಡೆಯಲಿಲ್ಲ. ಎಲ್ಲಿ ಉಸಿರು ಕಟ್ಟಿತೋ ಅಲ್ಲೇ ಅವುಗಳ ಊರಾಯಿತು. ಆಮೇಲೆ ಆ ಬೆಟ್ಟಕ್ಕೆ ಮನುಷ್ಯರು ಬಂದರು. ಕಂಬಳಿ ಹೊದ್ದು, ಕೋಲೂರಿ, ಅದೇ ಸರೋವರಕ್ಕೆ ಯಾತ್ರೆ ಹೊರಟರು. ಅವರಲ್ಲೂ ದೇವದಾರುವಿನಂಥವರು ಇರುತ್ತಾರೆ. ಎಲ್ಲರೂ ಕೆಳಗಿಳಿದು ಬರುವುದಿಲ್ಲ.

ನೀನು ಒಂದಲ್ಲ ಒಂದು ದಿನ ಆ ದಾರಿ ಹತ್ತಿದರೆ ನೋಡು, ಮೊದಲು ಪಾಚಿ ಕಟ್ಟಿದ ಓಕ್ ಮರಗಳು, ಆಮೇಲೆ ಕೆಂಪು ಮುಖದ ರೋಡೋಡೆಂಡ್ರಾನ್, ಆಮೇಲೆ ಆಕಾಶ ನೋಡುವ ದೇವದಾರು, ಎಲ್ಲಕ್ಕಿಂತ ಮೇಲೆ ಬೆನ್ನು ಬಾಗಿದ ಭೂರ್ಜ. ಅದರಿಂದಾಚೆ ಮರವೇ ಇಲ್ಲ, ನೆಲಕ್ಕೆ ಅಂಟಿಕೊಂಡು ನೀಲಿ ಕಾಯಿ ಹೊತ್ತ ಮುಳ್ಳು ಧೂಪದ ಗಿಡವೊಂದೇ. ಇವತ್ತಿಗೂ ಹಿಮ ಬೀಳಲು ಶುರುವಾದರೆ ಭೂರ್ಜ ಮರ ಕಾಗದದಂಥ ತನ್ನ ತೊಗಟೆಯನ್ನು ಪದರ ಪದರವಾಗಿ ಸುಲಿಯುತ್ತಲೇ ನಿಂತಿರುತ್ತದೆ, ಹೊದಿಸಲು ಅಲ್ಲಿ ಯಾರೂ ಇಲ್ಲದಿದ್ದರೂ.